ನಾಲ್ಕನೆಯ ಮಹಡಿಗೆ ಎಂಟು ದಿನ

ನಾಮಫಲಕ ಇಲಾಖೆಯ ಕೇಂದ್ರ ಕಚೇರಿಯು ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು ಮೀಟರ್ ಎತ್ತರದಲ್ಲಿದೆ. ನೆಲಮಹಡಿಯ ವಿಚಾರಣಾ ಮೇಜಿಗೆ ಈ ಎತ್ತರ ಅನ್ವಯಿಸುವುದಿಲ್ಲ. ಅಲ್ಲಿ ಯಾರು ಬೇಕಾದರೂ ಮಾಮೂಲಿ ಚಪ್ಪಲಿಯಲ್ಲಿ ನಿಂತು ಉಸಿರಾಡಬಹುದು.

ಹೊಸದಾಗಿ ಬರುವವರಿಗೆ ಇದು ವಿಚಿತ್ರವಾಗಿ ಕಾಣಬಹುದಾದ್ದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕೆಂದು ನನಗೆ ಸೂಚಿಸಲಾಗಿದೆ. ನಾನು ದಾಖಲೆ ವಿಭಾಗದ ಗುಮಾಸ್ತ. ಇಪ್ಪತ್ತೆರಡು ವರ್ಷಗಳಿಂದ ಮೊದಲನೆಯ ಮಹಡಿಯ ಕಿಟಕಿ ಪಕ್ಕದಲ್ಲಿ ಕೂತಿದ್ದೇನೆ. ಅಂಗಡಿ ಮುಂಗಟ್ಟುಗಳ ಬೋರ್ಡಿನಲ್ಲಿ ಅಕ್ಷರ ನೆಟ್ಟಗಿದೆಯೇ, ಬಣ್ಣ ಒಪ್ಪಿಗೆಯಾದದ್ದೇ, ಬರೆದದ್ದಕ್ಕೂ ಒಳಗೆ ಮಾರುವುದಕ್ಕೂ ಸಂಬಂಧವಿದೆಯೇ ಎಂದು ನೋಡುವುದು ಇಲಾಖೆಯ ಕೆಲಸ. ಸಂಬಂಧವಿಲ್ಲದಿದ್ದರೆ ಅಂಗಡಿಗೆ ಬೀಗ ಹಾಕಿ ಅರಗಿನ ಮೊಹರು ಒತ್ತುತ್ತೇವೆ. ಸಂಬಂಧವಿದ್ದರೆ ಇನ್ನೊಮ್ಮೆ ನೋಡುತ್ತೇವೆ.

ನಮ್ಮ ನಿರ್ದೇಶಕರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ, ಅಲ್ಲಿ ಕಾಯುವವರಿಗೆಂದು ಇಟ್ಟಿದ್ದ ಒಂದು ಪತ್ರಿಕೆಯಲ್ಲಿ ಆ ಚಿತ್ರ ಕಂಡಿತು. ಎತ್ತರದ ಪರ್ವತ, ಸುತ್ತ ಹಿಮ, ನಡುವೆ ಬಿಳಿ ಟೆಂಟು. ಟೆಂಟಿನೊಳಗೆ ಮಂಚ, ರತ್ನಗಂಬಳಿ, ದೀಪ. ಎಲ್ಲಕ್ಕೂ ಮುಂದೆ ಒಂದು ಸ್ನಾನದ ತೊಟ್ಟಿ. ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತ ಒಬ್ಬ ಮನುಷ್ಯ ಶಿಖರವನ್ನು ನೋಡುತ್ತಿದ್ದ. ನಿರ್ದೇಶಕರು ಆ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡು, ಹಲ್ಲು ತೋರಿಸದೆ ಎದ್ದು ಬಂದರು.

ಮರುದಿನದ ಸಭೆಯಲ್ಲಿ ಹಾಳೆಯನ್ನು ಮೇಜಿನ ಮೇಲೆ ಹರಡಿ ಕೇಳಿದರು: "ಇವನು ಯಾವ ಇಲಾಖೆಯವನು ಅಂತ ಯಾರಿಗಾದರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ.

"ಯಾವ ಇಲಾಖೆಯವನೂ ಅಲ್ಲದ ಒಬ್ಬ ಹೀಗೆ ಇರಬಹುದಾದರೆ, ನಾವು ಯಾಕೆ ಇರಬಾರದು?"

ಯಾರೂ ಮಾತಾಡಲಿಲ್ಲ. ನಡಾವಳಿಯಲ್ಲಿ ಅದನ್ನು ಸರ್ವಾನುಮತವೆಂದು ಬರೆದೆ.

ಹೀಗೆ ಪರ್ವತ ಪ್ರವಾಸ ಸಮಿತಿ ಹುಟ್ಟಿತು. ನಿರ್ದೇಶಕರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಸದಸ್ಯೆ ನಮ್ಮ ಉಪನಿರ್ದೇಶಕಿ. ಅವರನ್ನು ಕಚೇರಿಯಲ್ಲಿ ಎಲ್ಲರೂ ನಿಯಮದ ಮೇಡಂ ಎನ್ನುತ್ತಾರೆ, ಅವರೂ ಆ ಹೆಸರಿಗೆ ತಿರುಗಿ ನೋಡುತ್ತಾರೆ. ಮಳೆ ಬಂದರೆ ಕೊಡೆ ಬಿಚ್ಚುವ ಮೊದಲು ಕೊಡೆಯ ಮೇಲೆ ಬರೆದದ್ದನ್ನು ಓದುವವರು ಅವರು. ಚಿತ್ರದಲ್ಲಿದ್ದ ಶಿಬಿರ ಎಲ್ಲಿದೆ ಎಂದು ಪತ್ತೆ ಮಾಡಿದ್ದೂ, ಅದು 4,320 ಮೀಟರ್ ಎತ್ತರದಲ್ಲಿದೆ ಎಂದು ಬರೆಸಿ ತರಿಸಿದ್ದೂ ಅವರೇ. ಜೊತೆಗೆ "ಎತ್ತರದಲ್ಲಿ ಶಿಬಿರ ಹೂಡುವವರಿಗೆ ಸೂಚನೆಗಳು" ಎಂಬ ನಲವತ್ತು ಪುಟದ ಕೈಪಿಡಿಯನ್ನೂ ತರಿಸಿದರು.

ಕೈಪಿಡಿಯ ಪ್ರಕಾರ ಎತ್ತರಕ್ಕೆ ದೇಹ ನಿಧಾನವಾಗಿ ಒಗ್ಗಬೇಕು. ದಿನಕ್ಕೆ ಸುಮಾರು ಐನೂರು ಮೀಟರಿಗಿಂತ ಹೆಚ್ಚು ಏರಬಾರದು. ಅವಸರಪಟ್ಟರೆ ತಲೆನೋವು, ವಾಂತಿ, ಇನ್ನೂ ಮುಂದಕ್ಕೆ ಹೋದರೆ ಬೇರೆ ತೊಂದರೆ.

"ನಮ್ಮ ಸಿಬ್ಬಂದಿ ಇಲ್ಲಿವರೆಗೆ ಹೋಗಿರೋ ಅತಿ ಎತ್ತರದ ಜಾಗ ಯಾವುದು?" ಎಂದು ನಿರ್ದೇಶಕರು ಕೇಳಿದರು.

"ನಿಮ್ಮ ಕೊಠಡಿ ಸಾರ್," ಎಂದರು ಮೇಡಂ. "ನಾಲ್ಕನೇ ಮಹಡಿ. ಅದೂ ಲಿಫ್ಟಲ್ಲಿ."

ಆದ್ದರಿಂದ ಒಗ್ಗಿಕೊಳ್ಳುವ ಅಭ್ಯಾಸ ಕಟ್ಟಡದಲ್ಲೇ ಆಗಬೇಕೆಂದು ತೀರ್ಮಾನವಾಯಿತು. ನೆಲಮಹಡಿಯಿಂದ ನಾಲ್ಕನೆಯ ಮಹಡಿಗೆ ತೊಂಬತ್ತಾರು ಮೆಟ್ಟಿಲು. ಪರ್ವತ 4,320 ಮೀಟರ್. ಮೇಡಂ ಕಾಗದದ ಮೇಲೆ ಭಾಗಿಸಿ ನೋಡಿದಾಗ ಮೆಟ್ಟಿಲೊಂದಕ್ಕೆ ಸರಿಯಾಗಿ ನಲವತ್ತೈದು ಮೀಟರ್ ಬಂತು, ಶೇಷ ಉಳಿಯಲಿಲ್ಲ. ನಮ್ಮ ಕಚೇರಿಯಲ್ಲಿ ಯಾವ ಲೆಕ್ಕವೂ ಶೇಷವಿಲ್ಲದೆ ಬಂದದ್ದಿಲ್ಲವಾದ್ದರಿಂದ, ಇದು ಲೆಕ್ಕವಲ್ಲ, ಸತ್ಯವೇ ಇರಬೇಕೆಂದು ಎಲ್ಲರಿಗೂ ಅನ್ನಿಸಿತು.

ಬುಧವಾರ ಹೊರಬಿದ್ದ ಸುತ್ತೋಲೆಯ ಮುಖ್ಯ ಭಾಗ ಹೀಗಿತ್ತು:

"ಈ ಮೂಲಕ ಸಿಬ್ಬಂದಿಗೂ ಸಾರ್ವಜನಿಕರಿಗೂ ತಿಳಿಯಪಡಿಸುವುದೇನೆಂದರೆ, ಯಾರೂ ದಿನವೊಂದಕ್ಕೆ ಹನ್ನೊಂದು ಮೆಟ್ಟಿಲಿಗಿಂತ ಹೆಚ್ಚು ಏರತಕ್ಕದ್ದಲ್ಲ. ಹನ್ನೆರಡನೆಯದು ತಿರುವಿನ ಸಮತಟ್ಟು ಜಾಗವಾದ್ದರಿಂದ ಅದನ್ನು ಮೆಟ್ಟಿಲೆಂದು ಭಾವಿಸತಕ್ಕದ್ದಲ್ಲ. ಪ್ರತಿ ಸಮತಟ್ಟಿನಲ್ಲೂ ಒಂದರಂತೆ ಎಂಟು ಶಿಬಿರಗಳಿರತಕ್ಕದ್ದು. ಪ್ರತಿ ಶಿಬಿರದಲ್ಲೂ ಒಂದು ರಾತ್ರಿ ಕಳೆಯತಕ್ಕದ್ದು. ಕಚೇರಿಯ ವೇಳೆಯನ್ನು ಗಮನದಲ್ಲಿಟ್ಟುಕೊಂಡು ರಾತ್ರಿಯನ್ನು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿಗದಿಪಡಿಸಲಾಗಿದೆ. ತಲೆನೋವು ಬಂದವರು ಇದ್ದ ಶಿಬಿರದಲ್ಲೇ ನಿಲ್ಲತಕ್ಕದ್ದು. ಲಿಫ್ಟನ್ನು ಹೆಲಿಕಾಪ್ಟರ್ ಎಂದು ಪರಿಗಣಿಸಿ, ಅಸ್ವಸ್ಥರನ್ನು ಕೆಳಗಿಳಿಸಲು ಮಾತ್ರ ಬಳಸತಕ್ಕದ್ದು."

ನಿರ್ದೇಶಕರು ಇದಕ್ಕೆ ಸಹಿ ಹಾಕಿದ್ದು ನಾಲ್ಕನೆಯ ಮಹಡಿಯ ತಮ್ಮ ಕೊಠಡಿಯಲ್ಲಿ. ಹೀಗಾಗಿ ಪೆನ್ನು ಎತ್ತಿದ ಕ್ಷಣದಿಂದ ಅವರು, ಒಂದು ದಿನವೂ ಒಗ್ಗಿಕೊಳ್ಳದೆ, 4,320 ಮೀಟರ್ ಎತ್ತರದಲ್ಲಿ ಒಬ್ಬರೇ ಕೂತಿದ್ದಂತಾಯಿತು. ಮೇಡಂ ನೆಲಮಹಡಿಯಿಂದ ಫೋನ್ ಮಾಡಿದರು.

"ಸಾರ್, ಗಾಬರಿ ಆಗಬೇಡಿ. ಎದ್ದೇಳಬೇಡಿ. ಜಾಸ್ತಿ ಮಾತಾಡಬೇಡಿ."

"ನನಗೇನಾಗಿದೆ?"

"ಅದನ್ನೇ ನೋಡ್ತಾ ಇದೀವಿ. ನಿಮಗೇನೂ ಆಗಿಲ್ಲ ಅನ್ನಿಸ್ತಿದೆಯಾ?"

"ಹೌದು."

"ಅದೇ ಮೊದಲನೇ ಲಕ್ಷಣ. ಪುಟ ಒಂಬತ್ತು."

ಕ್ಯಾಪ್ಟನ್ ಎಂದು ನಾವು ಕರೆಯುವ ಲಿಫ್ಟಿನವರು ಕುರ್ಚಿಯೊಂದಿಗೆ ಮೇಲೆ ಹೋಗಿ ನಿರ್ದೇಶಕರನ್ನು ಇಳಿಸಿಕೊಂಡು ಬಂದರು. ಉಳಿದ ಮಹಡಿಗಳೂ ಅಂದೇ ತೆರವಾದವು. ಸಂಜೆಯ ಹೊತ್ತಿಗೆ ಇಲಾಖೆಯ ನಲವತ್ತಮೂರು ಜನ ನೆಲಮಹಡಿಯಲ್ಲಿ ಕೊಡೆ, ಊಟದ ಡಬ್ಬಿ ಹಿಡಿದು ನಿಂತಿದ್ದರು. ಕಡತಗಳೆಲ್ಲ ಮೇಲೆ ಉಳಿದವು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ಅಂದ್ರೆ ನಾಳೆಯಿಂದ ನೀವು ಆಫೀಸಲ್ಲಿ ಕೆಲಸ ಮಾಡಲ್ವಾ?" ಎಂದಳು. ಪ್ರವಾಸದ ಪೂರ್ವಸಿದ್ಧತೆಯಲ್ಲಿರುತ್ತೇವೆ ಎಂದೆ. "ಹಾಗಾದ್ರೆ ಏನೂ ಬದಲಾಗಿಲ್ಲ ಬಿಡಿ," ಎಂದು ಎದ್ದು ಹೋದಳು.

ಗುರುವಾರ ಬೆಳಿಗ್ಗೆ ಆರೋಹಣ ಶುರುವಾಯಿತು. ಶಿಬಿರಗಳ ರಿಜಿಸ್ಟರು ನನ್ನ ಜವಾಬ್ದಾರಿ. ಮೆಟ್ಟಿಲಿನ ಬುಡದಲ್ಲಿ ಹಗ್ಗ ಕಟ್ಟಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಹತ್ತೂಕಾಲಿಗೆ ನನ್ನ ಅಕ್ಕ ಬಂದಳು.

ಅಕ್ಕನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅವಳು ಟೈಲರು. ಅಮ್ಮ ದಿನವಿಡೀ ಆಸ್ಪತ್ರೆಯ ಕೆಲಸದಲ್ಲಿರುತ್ತಿದ್ದರಿಂದ ನನಗೆ ಅನ್ನ ಕಲಸಿ ಕೊಟ್ಟು, ಕಿವಿ ಹಿಂಡಿ ಮಗ್ಗಿ ಹೇಳಿಸಿದವಳು ಅವಳೇ. ಈ ಕೆಲಸದ ಸಂದರ್ಶನಕ್ಕೆ ನಾನು ಹಾಕಿಕೊಂಡು ಹೋದ ಅಂಗಿಯೂ ಅವಳು ಹೊಲಿದದ್ದು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಅಂಗಡಿ. ಬಾಗಿಲ ಮೇಲೆ "ಹೊಲಿಗೆ ಅಂಗಡಿ" ಎಂಬ ಬೋರ್ಡಿತ್ತು. ಬಿಸಿಲಿಗೆ ಬಣ್ಣ ಎದ್ದು ನಡುವಿನ "ಲಿ" ಉದುರಿಹೋಯಿತು. ಉಳಿದದ್ದು "ಹೊಗೆ ಅಂಗಡಿ". ನಮ್ಮ ಪರಿವೀಕ್ಷಕರು ಒಳಗೆ ಹೋಗಿ ಹುಡುಕಿದರೂ ಹೊಗೆ ಸಿಗಲಿಲ್ಲ. ಹೊಗೆ ಎಂದು ಬರೆದು ಹೊಗೆ ಮಾರದಿರುವುದು ಗ್ರಾಹಕರಿಗೆ ಮಾಡುವ ಮೋಸವಾದ್ದರಿಂದ ಅಂಗಡಿಗೆ ಮೊಹರು ಬಿತ್ತು. "ಲಿ" ಬರೆಯಲು ಅನುಮತಿ ಕೋರಿ ಅವಳು ಅರ್ಜಿ ಹಾಕಿದ್ದಳು. ಅರ್ಜಿ ನಾಲ್ಕನೆಯ ಮಹಡಿಯಲ್ಲಿ, ನಿರ್ದೇಶಕರ ಮೇಜಿನ ಮೇಲಿತ್ತು. ಅಂಗಡಿಯೊಳಗೆ ನಲವತ್ತೆರಡು ಮಕ್ಕಳ ಶಾಲೆಯ ಸಮವಸ್ತ್ರಗಳು, ಕತ್ತರಿಸಿ, ಚೀಟಿ ಚುಚ್ಚಿ, ಹೊಲಿಯಲು ಕಾದು ಕೂತಿದ್ದವು. ಮುಂದಿನ ವಾರ ಕಳೆದು ಬರುವ ಸೋಮವಾರ ಶಾಲೆ ಶುರು.

"ಏನೋ ಇದು, ಮೆಟ್ಟಿಲಿಗೆ ಹಗ್ಗ ಕಟ್ಟಿದೀರಿ?"

"ಅಕ್ಕ, ಇದು ಪರ್ವತ."

ಅವಳು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಬಿಸಿ ಇರಲಿಲ್ಲ. ನಾನು ಸುತ್ತೋಲೆ ಕೊಟ್ಟೆ. ನಿಂತಲ್ಲೇ ಎರಡು ಸಲ ಓದಿದಳು.

"ನಾಲ್ಕನೇ ಮಹಡಿಗೆ ಎಂಟು ದಿನವಾ?"

"ತಲೆನೋವು ಬರದಿದ್ದರೆ."

"ನಾನು ಎಂಟು ನಿಮಿಷದಲ್ಲಿ ಹೋಗಿ ಬರ್ತೀನಿ ಕಣೋ. ಪಕ್ಕಕ್ಕೆ ಸರಿ."

"ಹಾಗೆ ಹೋದವರು ಯಾರೂ ತಿರುಗಿ ಬಂದಿಲ್ಲ ಅಕ್ಕ."

"ಯಾರು ಹೋಗಿದ್ರು?"

"ಯಾರೂ ಹೋಗಿಲ್ಲ."

ನನ್ನನ್ನೇ ಒಂದು ಗಳಿಗೆ ನೋಡಿದಳು. ಚಿಕ್ಕಂದಿನಲ್ಲಿ ಮಗ್ಗಿಯ ಏಳೆಂಟಲಿಗೆ ತಪ್ಪು ಉತ್ತರ ಹೇಳಿದಾಗ ಹಾಗೆ ನೋಡುತ್ತಿದ್ದಳು. ಸಂಬಂಧಿಕರೆಂದು ರಿಯಾಯಿತಿ ತೋರಿಸಬಾರದೆಂಬ ನಿಯಮ ಇಲಾಖೆಯಲ್ಲಿ ಮೊದಲಿನಿಂದಲೂ ಇದೆ. ನಾನು ಅರ್ಜಿ ನಮೂನೆ ಮುಂದಿಟ್ಟೆ. "ಎಲ್ಲಿಂದ ಹೊರಟಿರಿ" ಎಂಬಲ್ಲಿ "ಮನೆಯಿಂದ" ಎಂದೂ, "ಆರೋಹಣದ ಉದ್ದೇಶ" ಎಂಬಲ್ಲಿ "ಲಿ" ಎಂದೂ ಬರೆದು, ಹನ್ನೊಂದು ಮೆಟ್ಟಿಲು ಹತ್ತಿ, ಹನ್ನೆರಡನೆಯದನ್ನು ಮೆಟ್ಟಿಲೆಂದು ಭಾವಿಸದೆ, ಮೊದಲನೆಯ ಶಿಬಿರದಲ್ಲಿ ಕೂತಳು. ಎರಡು ಗಂಟೆಗೆ ದೀಪ ಆರಿಸಿ ರಾತ್ರಿ ಮಾಡಿದೆವು. ಕತ್ತಲಲ್ಲಿ ಅವಳ ದನಿ ಕೇಳಿತು: "ನಲವತ್ತೆರಡು ಅಂಗಿ. ನಲವತ್ತೆರಡು ಚಡ್ಡಿ."

ಮುಂದಿನ ದಿನಗಳಲ್ಲಿ ಸಿಬ್ಬಂದಿಯ ಆರೋಹಣ ನಿರೀಕ್ಷೆಗಿಂತ ನಿಧಾನವಾಯಿತು. ಗೈರುಹಾಜರಿಯೂ ಅಲ್ಲದ ಕೆಲಸವೂ ಇಲ್ಲದ ಒಂದು ಸ್ಥಿತಿ ಇರಬಹುದೆಂದು ನಮ್ಮಲ್ಲಿ ಅನೇಕರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವರವರು ತಲುಪಿದ ಶಿಬಿರದಲ್ಲೇ ಅವರವರಿಗೆ ತಲೆನೋವು ಬಂತು. ಅಕ್ಷರ ವಿಭಾಗ ಎರಡನೆಯ ಶಿಬಿರದಲ್ಲಿ ನೆಲೆಸಿತು. ಬಣ್ಣದ ವಿಭಾಗ ಮೂರನೆಯದರಲ್ಲಿ ಕೇರಂ ಬೋರ್ಡಿನೊಂದಿಗೆ ನಿಂತಿತು. ನಾನೂ ಮೊದಲನೆಯ ಮಹಡಿಯ ನನ್ನ ಕಿಟಕಿಯ ಹತ್ತಿರ, ಅಂದರೆ ಎರಡನೆಯ ಶಿಬಿರದಲ್ಲಿ, ಉಳಿದುಕೊಂಡೆ. ಮೇಲೆ ಹೋಗುವವರು ಮೆಟ್ಟಿಲ ಸಂದಿಯಿಂದ ಕೂಗಿ ಹೇಳಿದರೆ ನಾನು ರಿಜಿಸ್ಟರಿನಲ್ಲಿ ಬರೆಯುವುದೆಂದು ವ್ಯವಸ್ಥೆಯಾಯಿತು. ಕೂಗುತ್ತಿದ್ದವಳು ಅಕ್ಕ ಒಬ್ಬಳೇ.

ನಿರ್ದೇಶಕರಿಗೆ ಮಾತ್ರ ನಿಜವಾಗಿಯೂ ತಲೆನೋವು ಬಂದಿತ್ತು. ತೋರಿಸದೆ ಬಂದ ಹಲ್ಲಿನದು. ಅದನ್ನು ಎತ್ತರದ್ದೆಂದು ದಾಖಲಿಸಲಾಯಿತು. ಮೂರನೆಯ ಶಿಬಿರದಲ್ಲಿ ಅವರಿಗಾಗಿ ಚಿತ್ರದಲ್ಲಿದ್ದಂಥದೇ ಟೆಂಟು ಎದ್ದಿತು. ಮಂಚ ಬಂತು, ರತ್ನಗಂಬಳಿ ಬಂತು, ಕುಚ್ಚಿನ ದೀಪ ಬಂತು. ನೋಡಿದವರಿಗೆಲ್ಲ ತಮಗೂ ಒಂದು ಬೇಕೆನ್ನಿಸಿ, ಎರಡೇ ದಿನದಲ್ಲಿ ಕಟ್ಟಡದ ತಿರುವುಗಳಲ್ಲೆಲ್ಲ ಬಿಳಿ ಟೆಂಟುಗಳು ತುಂಬಿದವು. ಪ್ರತಿಯೊಂದಕ್ಕೂ "ಸರ್ಕಾರಿ ಕಾರ್ಯನಿಮಿತ್ತ" ಎಂಬ ಒಪ್ಪಿಗೆಯಾದ ಬಣ್ಣದ ಫಲಕವಿತ್ತು.

ಆ ಭಾನುವಾರ ಕಚೇರಿಗೆ ರಜೆ. ಮುಂಬಾಗಿಲಿಗೆ ಬೀಗ ಹಾಕಿತ್ತು, ಕಾವಲುಗಾರನೂ ಇರಲಿಲ್ಲ. ಶನಿವಾರ ಮೂರನೆಯ ಶಿಬಿರದಲ್ಲಿದ್ದ ಅಕ್ಕ ಭಾನುವಾರ ನಾಲ್ಕನೆಯದನ್ನು ತಲುಪಿ ಅಲ್ಲಿ ರಾತ್ರಿ ಕಳೆದಿದ್ದಾಳೆಂದು ರಿಜಿಸ್ಟರಿನಲ್ಲಿದೆ. ಅಕ್ಷರ ನನ್ನದೇ. ಇದು ಹೇಗಾಯಿತೆಂಬ ಬಗ್ಗೆ ನನ್ನಲ್ಲಿ ಮಾಹಿತಿಯಿಲ್ಲ. ಸೋಮವಾರ ಬೆಳಿಗ್ಗೆ ಅವಳು ರಿಜಿಸ್ಟರು ನೋಡಿ, ನನ್ನ ಅಂಗಿಯ ಕಾಲರು ಸರಿಮಾಡಿ ಐದನೆಯ ಶಿಬಿರಕ್ಕೆ ಹತ್ತಿದಳು.

ಅದೇ ಸೋಮವಾರ ನಿರ್ದೇಶಕರ ಸ್ನಾನದ ತೊಟ್ಟಿ ಬಂತು. ಪರ್ವತದಲ್ಲಿ ತೊಟ್ಟಿಯಿರುವುದರಿಂದ ಅಭ್ಯಾಸವೂ ತೊಟ್ಟಿಯಲ್ಲೇ ಆಗಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಅದನ್ನು ಮೇಲಿನ ಮಹಡಿಗೆ ಮುಂಚಿತವಾಗಿ ಸಾಗಿಸುವಾಗ, ಎರಡನೆಯ ಮತ್ತು ಮೂರನೆಯ ಮಹಡಿಯ ನಡುವಿನ ತಿರುವಿನಲ್ಲಿ, ಅಕ್ಕ ಕೂತಿದ್ದ ಟೆಂಟಿನ ಎದುರೇ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಅಕ್ಕ ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಳೆದಳು.

"ತಿರುವು ಮೂವತ್ತನಾಲ್ಕು ಇಂಚು. ತೊಟ್ಟಿ ಮೂವತ್ತಾರು. ಹೊರೋಕೆ ಮುಂಚೆ ಅಳತೆ ತಗೋಬಾರದಿತ್ತಾ?"

"ಅಳತೆ ವಿಭಾಗ ಆರನೇ ಶಿಬಿರದಲ್ಲಿದೆ," ಎಂದರು ಮೇಡಂ ಕೆಳಗಿನಿಂದ. "ಅಲ್ಲಿಗೆ ಇನ್ನೂ ಯಾರೂ ತಲುಪಿಲ್ಲ."

ತೊಟ್ಟಿಯನ್ನು ತೆಗೆಯಲಾಗದ್ದರಿಂದ ನಕ್ಷೆಯಲ್ಲಿ ಅದನ್ನು ಹಿಮನದಿ ಎಂದು ಗುರುತಿಸಲಾಯಿತು. ದಾಟುವವರು ಒಬ್ಬರ ಹಿಂದೊಬ್ಬರು, ಹಗ್ಗ ಹಿಡಿದು, ಒಳಗಿಳಿದು ಹತ್ತಬೇಕೆಂದು ಫಲಕ ಬಿತ್ತು.

ಹೊಲಿಗೆಯಿಲ್ಲದೆ ಕೈ ಕಟ್ಟಿ ಕೂತು ಅಕ್ಕನಿಗೆ ಅಭ್ಯಾಸವಿಲ್ಲ. ಟೆಂಟಿನಲ್ಲಿ ಓದಲು ಕೈಪಿಡಿಯ ಹೊರತು ಬೇರೆ ಏನೂ ಇರಲಿಲ್ಲ. ಮಂಗಳವಾರ, ಬುಧವಾರ ಅದನ್ನೇ ಓದಿದಳು. ಸಮವಸ್ತ್ರಕ್ಕೆ ಕಾದಿದ್ದ ತಾಯಂದಿರು ಫೋನ್ ಮಾಡಿದಾಗ, "ಏಳನೇ ಶಿಬಿರದಲ್ಲಿದೀನಿ ಕಣಮ್ಮ, ಹವಾಮಾನ ಚೆನ್ನಾಗಿದೆ, ಸೋಮವಾರ ಕೊಡ್ತೀನಿ," ಎನ್ನುತ್ತಿದ್ದಳು. ದನಿ ಮಾತ್ರ ಸಣ್ಣಗಾಗಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲ ಸಂದಿಯಿಂದ ಕೂಗಿದಳು: "ಎಂಟನೇದು ಬಂದೆ ಕಣೋ. ಇಲ್ಲಿ ಯಾರೂ ಇಲ್ಲ. ಫ್ಯಾನು ತಿರುಗ್ತಾ ಇದೆ."

ನಿರ್ದೇಶಕರ ಕೊಠಡಿಯ ಫ್ಯಾನು ಎಂಟು ದಿನದಿಂದ ತಿರುಗುತ್ತಲೇ ಇತ್ತು. ಅವಳ ಅರ್ಜಿ ಮೇಜಿನ ಮೇಲಿತ್ತು. ಸಹಿ ಹಾಕಬೇಕಾದವರು ಮೂರನೆಯ ಶಿಬಿರದ ಟೆಂಟಿನಲ್ಲಿ ಕೆನ್ನೆ ಹಿಡಿದು ಮಲಗಿದ್ದರು. ನಿರ್ದೇಶಕರ ಸಹಿ ಅವರ ಕೊಠಡಿಯಲ್ಲಿ ಹಾಕಿದರಷ್ಟೇ ಊರ್ಜಿತವೆಂಬುದು ಹಳೆಯ ನಿಯಮ.

ಅಕ್ಕ ಇಳಿದು ಬಂದಳು. ಇಳಿಯುವುದಕ್ಕೆ ಮಿತಿಯಿರಲಿಲ್ಲವಾದ್ದರಿಂದ ಎರಡು ನಿಮಿಷ ಸಾಕಾಯಿತು. ಕೈಯಲ್ಲಿ ಕೈಪಿಡಿ ಇತ್ತು. ನಿಯಮದ ಮೇಡಂ ಮುಂದೆ ಮೂವತ್ತೊಂದನೆಯ ಪುಟ ತೆರೆದು ಹಿಡಿದಳು.

"ಇದನ್ನ ಓದಿ ಮೇಡಂ. ಹಗಲಲ್ಲಿ ಎತ್ತರಕ್ಕೆ ಹೋಗಬಹುದು, ರಾತ್ರಿ ಕೆಳಗೆ ಬಂದು ಮಲಗಿದರೆ ಸಾಕು. ಪಳಗಿದ ಮಾರ್ಗದರ್ಶಿ ಜೊತೆಗಿರಬೇಕು ಅಷ್ಟೆ."

ಮೇಡಂ ಓದಿದರು. "ಪಳಗಿದ ಮಾರ್ಗದರ್ಶಿ ಯಾರಿದ್ದಾರೆ?"

"ಎಂಟು ಶಿಬಿರ ಮುಗಿಸಿದವರು ಯಾರು ಅಂತ ರಿಜಿಸ್ಟರು ನೋಡಿ."

ರಿಜಿಸ್ಟರಿನಲ್ಲಿ ಒಂದೇ ಹೆಸರಿತ್ತು. ಮೇಡಂ ಎಂಟು ನಮೂದುಗಳನ್ನೂ ಬೆರಳಿಟ್ಟು ಓದಿದರು. ಭಾನುವಾರದ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ನಾನು ಕಿಟಕಿಯಾಚೆ ನೋಡುತ್ತಿದ್ದೆ.

"ನಮೂದಿದೆ," ಎಂದರು ಕೊನೆಗೆ. "ನಮೂದಿದ್ದರೆ ಆಗಿದೆ ಅಂತಲೇ."

ಹನ್ನೆರಡೂವರೆಗೆ ಹೊರಟೆವು. ಮುಂದೆ ಅಕ್ಕ, ನಡುವೆ ನಿರ್ದೇಶಕರು, ಹಿಂದೆ ಇಂಕಿನ ಪ್ಯಾಡು ಹಿಡಿದು ನಾನು. ಅಕ್ಕ ಟೇಪಿನ ಒಂದು ತುದಿಯನ್ನು ನಿರ್ದೇಶಕರ ಕೈಗೆ ಕೊಟ್ಟಿದ್ದಳು.

"ನಿಧಾನ ಸಾರ್. ಕೆಳಗೆ ನೋಡಬೇಡಿ. ಇದು ಹಿಮನದಿ. ಎಡಗಾಲು ಮೊದಲು."

"ಇದು ನನ್ನ ತೊಟ್ಟಿ ಅಲ್ವಾ?" ಎಂದರು ನಿರ್ದೇಶಕರು ತೊಟ್ಟಿಯೊಳಗೆ ನಿಂತು.

"ಹಾಗನ್ನಿಸುತ್ತೆ ಸಾರ್. ಎತ್ತರಕ್ಕೆ ಬಂದಾಗ ಹಾಗೆಲ್ಲ ಅನ್ನಿಸೋದು ಸಹಜ."

ಅವರು ತಲೆಯಾಡಿಸಿ ದಾಟಿದರು. ಎಪ್ಪತ್ತೆರಡನೆಯ ಮೆಟ್ಟಿಲಿನಲ್ಲಿ ಒಮ್ಮೆ ಕೂತು, ತಮಗೆ ಏನಾದರೂ ಆದರೆ ಟೆಂಟು ಅಳಿಯನಿಗೆ ಸೇರಬೇಕೆಂದು ನನಗೆ ಹೇಳಿದರು. ಅದನ್ನೂ ಬರೆದುಕೊಂಡೆ. ಒಂದೂಕಾಲಿಗೆ ಶಿಖರ ತಲುಪಿದೆವು. ಮೇಜಿನ ಮೇಲಿನ ಧೂಳು ಫ್ಯಾನಿನ ಗಾಳಿಗೆ ಒಂದು ಮೂಲೆಗೆ ಸೇರಿ ಕೂತಿತ್ತು. ಅಕ್ಕ ಕುರ್ಚಿ ಒರೆಸಿ ಅವರನ್ನು ಕೂರಿಸಿ, ಅರ್ಜಿ ಮುಂದಿಟ್ಟಳು.

ನಿರ್ದೇಶಕರು ಕನ್ನಡಕ ಹಾಕಿಕೊಂಡರು. "ಈ 'ಲಿ' ಬೇರೆ ಅಕ್ಷರಗಳಷ್ಟೇ ಎತ್ತರ ಇರುತ್ತೋ? ಇದಕ್ಕೆ ಅಳತೆ ವಿಭಾಗದ ಅಭಿಪ್ರಾಯ..."

"ಸಾರ್," ಎಂದಳು ಅಕ್ಕ ಮೆಲ್ಲಗೆ, "ಎರಡು ಗಂಟೆಗೆ ರಾತ್ರಿ. ಅಷ್ಟರೊಳಗೆ ನೀವು ಕೆಳಗಿರಬೇಕು. ಇಷ್ಟು ಎತ್ತರದಲ್ಲಿ ಕೂತು ಯೋಚನೆ ಮಾಡಿದರೆ ತಲೆಗೆ ಒಳ್ಳೇದಲ್ಲ."

ನಿರ್ದೇಶಕರು ಕೆನ್ನೆ ಮುಟ್ಟಿಕೊಂಡರು. ನೋವಿತ್ತು. ಸಹಿ ಹಾಕಿದರು.

"ಬೇರೆ ಏನಾದರೂ ಇದೆಯಾ? ಬೇಗ ಹೇಳಿ," ಎಂದರು. ಅವರ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

ಅಕ್ಕ ಮೇಜಿನ ಬಲಗಡೆ ಪೇರಿಸಿಟ್ಟ ಕಡತಗಳನ್ನು ನೋಡಿದಳು. ಎಪ್ಪತ್ತಮೂರು ಇದ್ದವು. ಕೆಲವು ಮೂರು ವರ್ಷ ಹಳೆಯವು. ಕನ್ನಡಕದಂಗಡಿಯವನದು, ಬೀಗ ರಿಪೇರಿಯವನದು, ಸತ್ತುಹೋದ ಒಬ್ಬ ಕ್ಷೌರಿಕನದೂ. ಅವಳು ಒಂದೊಂದನ್ನೇ ತೆಗೆದು, ಬಟ್ಟೆಯನ್ನು ಸೂಜಿಯಡಿಗೆ ಸರಿಸುವ ಹಾಗೆ ಅವರ ಪೆನ್ನಿನಡಿಗೆ ಸರಿಸುತ್ತ ಹೋದಳು. ಅವರು ಹಾಕಿದರು, ನಾನು ಮೊಹರು ಒತ್ತಿದೆ. ಇಪ್ಪತ್ತೆರಡು ನಿಮಿಷದಲ್ಲಿ ಮೇಜು ಖಾಲಿಯಾಯಿತು. ಮೇಜಿನ ಹಲಗೆಯ ಬಣ್ಣ ಹಸಿರೆಂದು ನನಗೆ ಅಂದೇ ಗೊತ್ತಾದದ್ದು.

ಇಳಿಯುವಾಗ ಅಕ್ಕ ಮೂರನೆಯ ಮಹಡಿಯಲ್ಲಿ ಒಂದು ಕ್ಷಣ ಕಂಬಿ ಹಿಡಿದು ನಿಂತಳು. ಸುಸ್ತಾಯಿತೇ ಎಂದು ಕೇಳಿದೆ. "ಇಲ್ಲ ಕಣೋ," ಎಂದಳು. "ನೀನು ಮೊದಲನೇ ದಿನ ಪಕ್ಕಕ್ಕೆ ಸರಿದಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡ್ತಿದ್ದೆ." ನಾನು ಇಂಕಿನ ಪ್ಯಾಡಿನ ಮುಚ್ಚಳ ಒತ್ತಿದೆ. ಅವಳು ಇಳಿಯತೊಡಗಿದಳು.

ಶುಕ್ರವಾರ ಬೆಳಿಗ್ಗೆ ಪರಿವೀಕ್ಷಕರು ಬಂದು ಮೊಹರು ಒಡೆದರು. ಅಕ್ಕ ಮೊದಲು ಏಣಿ ಹತ್ತಿ ಕೆಂಪು ಬಣ್ಣದಲ್ಲಿ "ಲಿ" ಬರೆದಳು, ಆಮೇಲೆ ಯಂತ್ರದ ಮುಂದೆ ಕೂತಳು. ನನ್ನ ಹೆಂಡತಿ ಗುಂಡಿ ಹಾಕಲು ಹೋದಳು, ನಾನು ದಾರ ಕತ್ತರಿಸಿದೆ. ಭಾನುವಾರ ಸಂಜೆಗೆ ನಲವತ್ತೆರಡೂ ಮುಗಿದವು. ಎರಡು ಅಂಗಿಗಳ ಕಾಲರು ಮಾತ್ರ ಸೋಮವಾರ ಬೆಳಿಗ್ಗೆ, ಮಕ್ಕಳು ಅಂಗಡಿಯಲ್ಲಿ ಬನಿಯನ್ನಿನಲ್ಲಿ ನಿಂತಿರುವಾಗ ಆದವು.

ಒಂದೇ ದಿನದಲ್ಲಿ ಎಪ್ಪತ್ತನಾಲ್ಕು ಕಡತ ವಿಲೇವಾರಿಯಾದ ಸುದ್ದಿ ಮೇಲಿನವರಿಗೆ ತಲುಪಿತು. ಕಾರಣ ಕೇಳಿ ಪತ್ರ ಬಂತು. ನಿರ್ದೇಶಕರು "ಎತ್ತರ" ಎಂದು ಉತ್ತರಿಸಿದರು. ಮೆಚ್ಚುಗೆ ಸೂಚಿಸಿದ ಮೇಲಿನವರು ಅಭ್ಯಾಸದ ವ್ಯವಸ್ಥೆಯನ್ನು ಕಾಯಂ ಮಾಡಿ, ಸಿಬ್ಬಂದಿಗೆ ಪರ್ವತ ಭತ್ಯೆ ಮಂಜೂರು ಮಾಡಿದರು. ಎದುರುಗಡೆಯ ಏಳು ಮಹಡಿಯ ನೀರಿನ ಇಲಾಖೆಯವರು ತಮ್ಮ ಮೆಟ್ಟಿಲನ್ನೂ ನಲವತ್ತೈದು ಮೀಟರಿನಂತೆ ಅಳೆದು, ಭೂಮಿಯ ಮೇಲೆ ತಮಗಿಂತ ಎತ್ತರದವರು ಇಲ್ಲದಿರಬಹುದೆಂದು ಅರ್ಜಿ ಹಾಕಿದ್ದಾರೆ. ಅದು ಪರಿಶೀಲನೆಯಲ್ಲಿದೆ. ಅಕ್ಕ ಈಗ ಇಲಾಖೆಯ ಅಧಿಕೃತ ಮಾರ್ಗದರ್ಶಿ. ಬೇರೆ ದಿನ ಹೊಲಿಗೆ ಇರುವುದರಿಂದ ಗುರುವಾರ ಮಾತ್ರ ಬರುತ್ತಾಳೆ. ಆದ್ದರಿಂದ ಇಲಾಖೆಯ ಕೆಲಸಗಳು ಗುರುವಾರ ಆಗುತ್ತವೆ.

ಇದೆಲ್ಲದರ ನಡುವೆ ನಿಜವಾದ ಪರ್ವತದ ಮೇಲಿನ ಶಿಬಿರದ ಮಾಲೀಕ ಪತ್ರ ಬರೆಯುತ್ತಲೇ ಇದ್ದ. ಹಾಸಿಗೆ ಹಾಸಿದ್ದೇನೆ, ತೊಟ್ಟಿಯ ನೀರು ಹೆಪ್ಪುಗಟ್ಟುತ್ತಿದೆ, ಯಾವಾಗ ಬರುತ್ತೀರಿ ಎಂದು. ಕಡೆಗೆ ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡು ಹೋಗಲು ತಾನೇ ಎರಡು ದಿನ ಬಸ್ಸಿನಲ್ಲಿ ಬಂದ. ಬಿಸಿಲಿಗೂ ಹಿಮಕ್ಕೂ ಕೆನ್ನೆ ಸುಟ್ಟು ಕಪ್ಪಾದ, ಗಟ್ಟಿ ಕಾಲಿನ, ನಗುಮುಖದ ಮನುಷ್ಯ. ಬಂದ ದಿನ ಶುಕ್ರವಾರ. ಮುಂದಿನ ಗುರುವಾರ ಹಬ್ಬದ ಹೊಲಿಗೆಯಿಂದಾಗಿ ಅಕ್ಕ ಬರುವಂತಿರಲಿಲ್ಲ, ಅದರಾಚೆಯ ಗುರುವಾರದವರೆಗೆ ಕಾಯಲು ಅವನಿಗೆ ಆಗುತ್ತಿರಲಿಲ್ಲ. ಹಗ್ಗದ ಹತ್ತಿರ ಮೇಡಂ ಅವನನ್ನು ತಡೆದರು.

"ನಾನು ಹುಟ್ಟಿದ್ದೇ ನಾಲ್ಕು ಸಾವಿರ ಮೀಟರಲ್ಲಿ ಮೇಡಂ," ಎಂದ ಅವನು. "ದಿನಾ ಬೆಳಿಗ್ಗೆ ನೀರು ತರೋಕೆ ನಾನು ಇದಕ್ಕಿಂತ ಮೇಲೆ ಹೋಗ್ತೀನಿ."

"ಅದಕ್ಕೆ ಪ್ರಮಾಣಪತ್ರ ಇದೆಯಾ?"

"ಇಲ್ಲ."

"ಇದ್ದರೂ ಅದು ಬೇರೆ ಇಲಾಖೆಯ ಎತ್ತರ ಆಗುತ್ತೆ."

ಅವನು ಒಳ್ಳೆಯ ಮನುಷ್ಯ, ಜಗಳ ಮಾಡಲಿಲ್ಲ. ಹನ್ನೊಂದು ಮೆಟ್ಟಿಲು ಹತ್ತಿ ಕೂತ. ಮೊದಲನೆಯ ದಿನ ನಗುತ್ತಿದ್ದ. ಎರಡನೆಯ ದಿನ ಟೆಂಟಿನ ಗೂಟಗಳನ್ನು ಸರಿಯಾಗಿ ಬಿಗಿದುಕೊಟ್ಟ. ಮೂರನೆಯ ಶಿಬಿರದಲ್ಲಿ ಕೈಪಿಡಿ ಓದಲು ಕೊಟ್ಟೆವು. ಐದನೆಯದರಲ್ಲಿ ಹಿಮನದಿಯನ್ನು ಹಗ್ಗ ಹಿಡಿದು ದಾಟಿದ. ಆರನೆಯ ಶಿಬಿರದಲ್ಲಿ, ಅಂದರೆ 3,240 ಮೀಟರಿನಲ್ಲಿ, ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ವಿಷಯ ತಿಳಿದು ನಿರ್ದೇಶಕರು ಟೆಂಟಿನಿಂದ ಹೊರಬಂದರು. "ಪಾಪ," ಎಂದರು ನನಗೆ, "ಬೆಟ್ಟದ ಕಡೆಯ ಜನಕ್ಕೆ ಇಷ್ಟು ಎತ್ತರ ಅಭ್ಯಾಸ ಇರಲ್ಲ."

ಅವನನ್ನು ಮೂರನೆಯ ಶಿಬಿರಕ್ಕೆ ಇಳಿಸಿ, ರತ್ನಗಂಬಳಿಯ ಮೇಲೆ ಮಲಗಿಸಿ, ಕಾಲಿಗೆ ಕಂಬಳಿ ಹೊದಿಸಿ, ಬಿಸಿನೀರು ಕೊಟ್ಟೆವು. ಎರಡು ದಿನ ವಿಶ್ರಾಂತಿ ತೆಗೆದುಕೊಂಡ. ಮೂರನೆಯ ದಿನ ಬಣ್ಣದ ವಿಭಾಗದವರ ಜೊತೆ ಕೇರಂ ಆಡಿದ. ಒಪ್ಪಂದದ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊರಡುವ ದಿನ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, ಸಂಕೋಚದಿಂದ ಒಂದು ಅರ್ಜಿ ನಮೂನೆ ಕೇಳಿದ. ಐದು ಜನಕ್ಕೆ, ಒಂದು ವಾರಕ್ಕೆ.

ಯಾರಿಗೆ ಎಂದು ಕೇಳಿದೆ.

"ಮನೆಯವರನ್ನ ಕರ್ಕೊಂಡು ಬರೋಣ ಅಂತ," ಎಂದ. "ಮಕ್ಕಳು ಒಂದು ಸಲ ಪರ್ವತ ನೋಡಿದ ಹಾಗಾಗುತ್ತೆ."

ನಾನು ನಮೂನೆ ಕೊಟ್ಟೆ. ಅವನು ಭರ್ತಿ ಮಾಡಿದ.